‘ಇಷ್ಟು ಚೆನ್ನಾಗಿ ಬರೀತೀರಾ, ಮಾರಬಾರದಾ?’

ಮನೆಗೆ ಯಾರೇ ಬರಲಿ, ನಡುಮನೆ ಗೋಡೆಯ ಚಿತ್ತಾರ ನೋಡಿದ ಮೇಲೆ ಕೇಳುವುದು ಇದನ್ನೇ. ಮೊದಲು ಹತ್ತಿರ ಹೋಗಿ ನೋಡುತ್ತಾರೆ, ಬೆರಳು ಆಡಿಸುತ್ತಾರೆ, ಸ್ಟಿಕ್ಕರ್ ಅಲ್ವಾ ಇದು ಅನ್ನುತ್ತಾರೆ, ಅಲ್ಲ, ನಾನೇ ಬರೆದಿದ್ದು ಎಂದ ಕೂಡಲೇ ‘ಹಾಗಾದರೆ ಮಾರಬಾರದಾ?’ ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಏನೋ ಅರ್ಧ ಉತ್ತರ ಕೊಟ್ಟು ಟೀ ಇಡಲು ಒಳಗೆ ಹೋಗುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ನೋಡುತ್ತೇನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯಲ್ಲೇ ಬೇರೆ ಬೇರೆ ಬಗೆ, ಒಂದೊಂದಕ್ಕೆ ಒಂದೊಂದು ರೇಟು, ಅದೂ ದಿನಾ ಬದಲು. ಮಾಲು ಬರುವ ಸೀಸನ್ನಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಕೆಲಸದ ಮೇಲೆ ನನಗೆ ಬೇಸರವಿಲ್ಲ, ನಮ್ಮ ಮನೆ ನಡೆಯುವುದೇ ಅದರಿಂದ. ಆದರೆ ಅಲ್ಲಿ ಯಾವುದೂ ಮುಗಿಯುವುದಿಲ್ಲ. ಇವತ್ತಿನ ಲೆಕ್ಕ ತಾಳೆಯಾಯಿತು ಅನ್ನುವಷ್ಟರಲ್ಲಿ ನಾಳೆಯದು ಬಂದಿರುತ್ತದೆ. ಸಂಜೆ ಮನೆಗೆ ಬಂದು, ನೋಡು, ಇದನ್ನು ನಾನು ಮಾಡಿದೆ ಎಂದು ಮಗಳಿಗೆ ತೋರಿಸಲು ಏನೂ ಇರುವುದಿಲ್ಲ.

ಚಿತ್ತಾರ ಹಾಗಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಸಾಗರ, ಸೊರಬದ ಕಡೆ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ. ಮೊದಲು ಕೆಮ್ಮಣ್ಣು ಬಳಿಯಬೇಕು. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೂ ಅಕ್ಕಿಯೇ, ಕರಕಲಾಗುವ ತನಕ ಹುರಿದು ಅರೆದರೆ ಆಯಿತು. ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿ ನಾರು. ಅದರಲ್ಲಿ ಎಳೆ ಎಳೆಯಾಗಿ ಬಾಸಿಂಗ, ತೇರು, ಏಣಿ, ಭತ್ತದ ಸಸಿ ಎಲ್ಲ ಮೂಡುತ್ತವೆ.

ಅಜ್ಜಿ ಬರೆಯುವಾಗ ನಾನು ಪಕ್ಕದಲ್ಲಿ ಕೂತು ಬಟ್ಟಲು ಹಿಡಿಯುತ್ತಿದ್ದೆ, ಅಷ್ಟೇ. ಕಲಿತದ್ದು ಆಮೇಲೆ, ಮದುವೆಯಾಗಿ, ಕೆಲಸ ಸಿಕ್ಕಿ, ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ, ಅಜ್ಜಿಗೆ ಕಣ್ಣು ಮಂಜಾಗಿದ್ದ ಕಾಲದಲ್ಲಿ. ಅವಳು ನನ್ನ ಗೆರೆ ನೋಡುತ್ತಿರಲಿಲ್ಲ, ಉಸಿರು ಕೇಳುತ್ತಿದ್ದಳು. ‘ಅವಸರ ಬ್ಯಾಡ ಮಗಾ, ಎಳೆ ಸೊಟ್ಟ ಆಗ್ತದೆ’ ಅನ್ನುವಳು. ನೋಡಿದರೆ ಸೊಟ್ಟ ಆಗಿಯೇ ಇರುತ್ತಿತ್ತು!

ಅಕ್ಕಿ ಹಿಟ್ಟಿನದು ಒಂದು ಗುಣವಿದೆ. ಹಸಿ ಇರುವಾಗ ಎಳೆ ಸರಿಯಾಗಿ ಕಾಣುವುದೇ ಇಲ್ಲ, ನೀರು ಎಳೆದ ಹಾಗೆ ಇರುತ್ತದೆ. ಒಣಗುತ್ತಾ ಒಣಗುತ್ತಾ ಕೆಮ್ಮಣ್ಣಿನ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಮಳೆಗಾಲದಲ್ಲಿ ಅದಕ್ಕೂ ಕಾಯಬೇಕು, ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ ಅಂದ ಮೇಲೆ ಗೋಡೆ ಎಲ್ಲಿ ಒಣಗಬೇಕು. ರಾತ್ರಿ ಬರೆದು ಮಲಗಿ, ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಓಡಿ ಹೋಗಿ ನೋಡುತ್ತೇನೆ. ಆ ಒಂದು ನಿಮಿಷಕ್ಕೆ ನಾನು ಎಷ್ಟು ಆಸೆಪಡುತ್ತೇನೆ ಎಂದು ಹೇಳಲು ಬರುವುದಿಲ್ಲ.

ಈಗ ಮಾರುವ ಮಾತು. ಒಮ್ಮೆ ಮಾರಿದ್ದೇನೆ. ಪರಿಚಯದವರ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಕೊಡಲು 20 ಸಣ್ಣ ಬುಟ್ಟಿ ಬೇಕು ಅಂದರು, ಖುಷಿಯಿಂದ ಒಪ್ಪಿಕೊಂಡೆ. ಮಂಡಿಯಿಂದ ಬಂದು, ಅಡುಗೆ ಮುಗಿಸಿ, ರಾತ್ರಿ ಹತ್ತರ ಮೇಲೆ ಕೂರುತ್ತಿದ್ದೆ. ಆರು ಬುಟ್ಟಿ ಆದ ಮೇಲೆ ಅಕ್ಕಿ ಅರೆಯುವುದು ಬಿಟ್ಟು ಅಂಗಡಿಯ ಬಿಳಿ ಪೇಂಟ್ ತಂದೆ. ಬೇಗ ಒಣಗುತ್ತದೆ ನೋಡಿ. ಇಪ್ಪತ್ತೂ ಒಂದೇ ತರ ಕಾಣಬೇಕು ಎಂದು ಒಂದೇ ಏಣಿ, ಒಂದೇ ಸಸಿ. ಅವರಿಗೆ ತುಂಬಾ ಇಷ್ಟವಾಯಿತು, ಹೇಳಿದಷ್ಟು ದುಡ್ಡೂ ಕೊಟ್ಟರು, ಅವರ ತಪ್ಪೇನೂ ಇಲ್ಲ. ಆದರೆ ಆಮೇಲೆ ನಾಲ್ಕು ತಿಂಗಳು ನಾನು ನಾರು ಮುಟ್ಟಲಿಲ್ಲ. ಇನ್ನೆಷ್ಟು ಬಾಕಿ, ಯಾವಾಗ ಕೊಡಬೇಕು ಎಂದು ಎಣಿಸುವುದೇ ಅಲ್ಲೂ ಶುರುವಾಗಿತ್ತು, ಮಂಡಿಯನ್ನೇ ಮನೆಗೆ ತಂದ ಹಾಗೆ.

ಹಾಗಂತ ಮಾರುವುದು ಕೀಳು ಎಂದು ನಾನು ಖಂಡಿತ ಹೇಳುವುದಿಲ್ಲ. ಸಾಗರದ ಸುತ್ತ ಚಿತ್ತಾರ ಬರೆದು ನಾಲ್ಕು ಕಾಸು ಸಂಪಾದಿಸುವ ಹೆಂಗಸರಿದ್ದಾರೆ. ಅವರ ಕೈಗೆ ನನ್ನ ಕೈ ಸಮವಲ್ಲ. ನನಗೆ ಸಂಬಳ ಬರುತ್ತದೆ, ಅದಕ್ಕೇ ಸುಮ್ನೆ ಬರೆಯುವ ಅನುಕೂಲ ನನಗಿದೆ. ಗೋಡೆಗೆ ಬೇಕು ಅಂದವರಿಗೆ ನಾನು ಆ ಹೆಂಗಸರ ಊರಿನ ದಾರಿ ಹೇಳುತ್ತೇನೆ. ದಯವಿಟ್ಟು ಚೌಕಾಸಿ ಮಾಡಬೇಡಿ ಎಂದೂ ಹೇಳುತ್ತೇನೆ.

ಇನ್ನೊಂದು ವಿಷಯ. ನಮ್ಮ ಮನೆಯ ಭೂಮಣ್ಣಿ ಬುಟ್ಟಿ ಅಜ್ಜಿಯ ಕಾಲದ್ದು. ವಿಜಯದಶಮಿ ಕಳೆದು ಹುಣ್ಣಿಮೆಗೆ ಐದು ದಿನ, ಅಷ್ಟರಲ್ಲಿ ಬುಟ್ಟಿ ಮುಗಿಯಬೇಕು. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಅದರಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ, ಫಸಲು ಹೊತ್ತ ಬಸುರಿ ಭೂಮಿಗೆ ಬಡಿಸಲು. ಮುಂದಿನ ವರ್ಷ ಅದೇ ಬುಟ್ಟಿಗೆ ಮತ್ತೆ ಕೆಮ್ಮಣ್ಣು ಬಳಿಯುತ್ತೇವೆ. ಹಿಂದಿನ ವರ್ಷ ನಾನು ಬರೆದಿದ್ದು, ಅದರ ಅಡಿಯಲ್ಲಿ ಅಮ್ಮ ಬರೆದಿದ್ದು, ಇನ್ನೂ ಅಡಿಯಲ್ಲಿ ಅಜ್ಜಿಯದು, ಎಲ್ಲ ಒಳಗೇ ಇವೆ. ಇದಕ್ಕೆ ರೇಟು ಹೇಳಿ ಅಂದರೆ ನಾನು ಏನು ಹೇಳಲಿ?

ಕಲಿಯಬೇಕು ಅನ್ನುವವರು ಮಾತ್ರ ಭಾನುವಾರ ಮಧ್ಯಾಹ್ನ ಬನ್ನಿ. ಅಕ್ಕಿ ನೆನೆಸಿಟ್ಟಿರುತ್ತೇನೆ, ಅರೆಯುವುದು ನೀವು.