ಬಿಚ್ಚೋಕೆ ಆಗೋ ಹಾಗೆ ಕಟ್ಟಿ: ಕಿಟ್ ವಿಮಾನಗಳ ತಪಾಸಣೆಯಲ್ಲಿ ನಾನು ಕಂಡಿದ್ದು

ವಿಮಾನಗಳ ತಪಾಸಣೆ, ರಿಪೇರಿ ನನ್ನ ಕೆಲಸ. ನನ್ನ ಹತ್ತಿರ ಬರುವುದರಲ್ಲಿ ಹೆಚ್ಚಿನವು ಕಿಟ್ ವಿಮಾನಗಳು. ಅಂದರೆ ಬಿಡಿಭಾಗಗಳನ್ನು ತರಿಸಿಕೊಂಡು, ಮಾಲೀಕರೇ ಮನೆಯ ಗ್ಯಾರೇಜಿನಲ್ಲಿ ಸಂಜೆ ಹೊತ್ತು, ರಜೆ ದಿನ ಕೂತು ಕಟ್ಟಿದ್ದು. ಎರಡು ಸೀಟು, ಒಂದು ಎಂಜಿನ್, ಅಲ್ಯೂಮಿನಿಯಂ ಮೈ. ಮುಗಿಸೋಕೆ ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟು ವರ್ಷ ಒಂದೇ ಕೆಲಸ ಹಿಡಿದು ಕೂತವರನ್ನು ಕಂಡರೆ ನನಗೆ ತುಂಬಾ ಗೌರವ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಟ್ಟುವವರ ಕಣ್ಣೆಲ್ಲ ಮೊದಲ ಹಾರಾಟದ ಮೇಲಿರುತ್ತದೆ. ಅದು ಸಹಜ. ಆದರೆ ವಿಮಾನವನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು, ಅದು ಹಾರುವಷ್ಟು ವರ್ಷವೂ. ಈ ವಿಷಯ ನೆನಪಾಗುವ ಹೊತ್ತಿಗೆ ಎಷ್ಟೋ ಕಡೆ ತಗಡು ಮುಚ್ಚಿ ರಿವೆಟ್ (ತಗಡು ಜೋಡಿಸುವ ಲೋಹದ ಮೊಳೆ, ಕೊರೆದೇ ತೆಗೆಯಬೇಕು) ಹೊಡೆದು ಆಗಿರುತ್ತದೆ. ಆಮೇಲೆ ಒಳಗೆ ಕೈ ಹಾಕೋಣ ಅಂದರೆ ದಾರಿಯೇ ಇರುವುದಿಲ್ಲ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಶುರುವಾಗಿದ್ದು ಇಲ್ಲಿಂದಲೇ.

ಸಾಮಾನ್ಯವಾಗಿ ಜನ ಹೆದರುವುದು ರೆಕ್ಕೆಗೆ. "ಮನೇಲಿ ಮಾಡಿದ್ದು, ಮೇಲೆ ಹೋದಾಗ ಮುರಿದುಬಿಟ್ರೆ?" ಅಂತ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಮೈ ಮುರಿದು ಬಿದ್ದದ್ದು ಅದರಲ್ಲಿ ಅಪರೂಪ. ಮುಖ್ಯವಾಗಿ ಕಂಡದ್ದು ಎರಡು: ಎಂಜಿನ್ ಕೈಕೊಟ್ಟಿದ್ದು, ಪೈಲಟ್‌ಗೆ ಹಿಡಿತ ತಪ್ಪಿದ್ದು. ಅದೂ ಬಹಳಷ್ಟು ಸಲ ಹೊಸ ವಿಮಾನದ ಮೊದಲ ಹಾರಾಟಗಳಲ್ಲಿ, ಇಲ್ಲವೇ ಸೆಕೆಂಡ್‌ ಹ್ಯಾಂಡ್ ಕೊಂಡವರ ಮೊದಲ ಹಾರಾಟಗಳಲ್ಲಿ. ನಾನು ದಿನಾ ನೋಡುವುದಕ್ಕೂ ಇದಕ್ಕೂ ಸರಿಯಾಗಿ ತಾಳೆಯಾಗುತ್ತದೆ.

ರೆಕ್ಕೆ ಯಾಕೆ ಚೆನ್ನಾಗಿ ಬರುತ್ತದೆ ಅಂದರೆ, ಅದಕ್ಕೆ ಕಟ್ಟುವವರು ಅಷ್ಟು ಗಮನ ಕೊಡುತ್ತಾರೆ. ಈಗಿನ ಒಳ್ಳೆ ಕಿಟ್‌ಗಳಲ್ಲಿ ತೂತುಗಳು ಕಾರ್ಖಾನೆಯಲ್ಲೇ ಬಿದ್ದಿರುತ್ತವೆ. ತೂತಿಗೆ ತೂತು ಕೂತರೆ ರೆಕ್ಕೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ರಿವೆಟ್‌ಗೆ ಅಳತೆಯೂ ಇದೆ. 1/8 ಇಂಚಿನ, ಅಂದರೆ ಸುಮಾರು 3.2 ಮಿ.ಮೀ. ದಪ್ಪದ ರಿವೆಟ್ ಹೊಡೆದ ಮೇಲೆ, ಹೊಡೆತಕ್ಕೆ ಚಪ್ಪಟೆಯಾದ ಹಿಂದಿನ ತಲೆ ಸುಮಾರು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ಅಂದರೆ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ. ಗೇಜ್ ಇಟ್ಟು ನೋಡಿದರೆ ಗೊತ್ತಾಗಿಬಿಡುತ್ತದೆ. ಒಂದು ರಿವೆಟ್ ಕೂದಲೆಳೆಯಷ್ಟು ಸೊಟ್ಟಗಿದೆ ಅಂತ ಕೊರೆದು ತೆಗೆಯೋಕೆ ಹೊರಡುವವರೇ ಜಾಸ್ತಿ. ಅದನ್ನು ಸುಮ್ನೆ ಬಿಟ್ಟುಬಿಡಿ ಅನ್ನುತ್ತೇನೆ. ಕೊರೆಯುವಾಗ ಡ್ರಿಲ್ ಜಾರಿ ತೂತು ಮೊಟ್ಟೆಯಾಕಾರಕ್ಕೆ ತಿರುಗಿದರೆ ಆ ಜಾಗ ಮೊದಲಿಗಿಂತ ಕೆಡುತ್ತದೆ. ಅಂಚು ನಯ ಮಾಡುವುದು, ಗೀರು ಬೀಳದ ಹಾಗೆ ನೋಡಿಕೊಳ್ಳುವುದು ಇದಕ್ಕಿಂತ ಮುಖ್ಯ. ಬಿರುಕು ಹುಟ್ಟುವುದು ಗೀರಿನಿಂದ. ಇನ್ನೊಂದು ಮಾತು: ಅಲ್ಯೂಮಿನಿಯಂ ತಗಡಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಡಿ. ಪೆನ್ಸಿಲ್‌ನ ಗ್ರಾಫೈಟ್ ಇರುವ ಕಡೆ ತೇವ ಸೇರಿದರೆ ಲೋಹ ಸವೆದುಹೋಗುತ್ತದೆ. ಮಾರ್ಕರ್ ಪೆನ್ ಬಳಸಿ.

ಈಗ ಮುಚ್ಚಿಹೋದ ಜಾಗಗಳ ವಿಷಯಕ್ಕೆ ಬರುತ್ತೇನೆ.

ಒಮ್ಮೆ ಒಂದು ವಿಮಾನ ಹೋಸ್ ಬದಲಾಯಿಸೋಕೆ ಬಂತು. ರೋಟ್ಯಾಕ್ಸ್ ಎಂಜಿನ್. ಅದರ ರಬ್ಬರ್ ಹೋಸ್‌ಗಳನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತ ಎಂಜಿನ್ ತಯಾರಕರೇ ಹೇಳುತ್ತಾರೆ. ಹಾರಿದ್ದು ಕಮ್ಮಿ ಅಂತ ಬಿಡುವ ಹಾಗಿಲ್ಲ, ರಬ್ಬರ್‌ಗೆ ಸುಮ್ಮನೆ ನಿಂತರೂ ವಯಸ್ಸಾಗುತ್ತದೆ. ಎಂಜಿನ್ ಕಡೆಯ ಹೋಸ್‌ಗಳೆಲ್ಲ ಸಲೀಸಾಗಿ ಬಂದವು. ಕೊನೆಗೆ ಉಳಿದದ್ದು ಸೀಟಿನ ಹಿಂದೆ ಪೆಟ್ರೋಲ್ ಟ್ಯಾಂಕಿನಿಂದ ಹೊರಡುವ ಒಂದು ಗೇಣುದ್ದದ ತುಂಡು. ಅದರ ಮೇಲೆ ತಗಡು, ತಗಡಿನ ಸುತ್ತ ರಿವೆಟ್.

"ಸರ್, ಇದರ ಕ್ಲಾಂಪ್ ಬಿಗಿ ಮಾಡೋದು ಎಲ್ಲಿಂದ?" ಅಂತ ಮಾಲೀಕರನ್ನು ಕೇಳಿದೆ.

"ಕನ್ನಡಿ ಹಿಡಿದ್ರೆ ಕಾಣುತ್ತಲ್ಲಾ" ಅಂದರು.

ಕಾಣುತ್ತಿತ್ತು, ನಿಜ. ಟಾರ್ಚ್ ಬಿಟ್ಟು, ಉದ್ದ ಹಿಡಿಯ ಕನ್ನಡಿ ಓರೆ ಮಾಡಿದರೆ ಕ್ಲಾಂಪ್‌ನ ಅರ್ಧ ಭಾಗ ಕಾಣುತ್ತಿತ್ತು. ಪಾನಾ ಹೋಗುತ್ತಿರಲಿಲ್ಲ, ಬೆರಳೂ ಹೋಗುತ್ತಿರಲಿಲ್ಲ. ರಿವೆಟ್ ಕೊರೆದು ತಗಡು ತೆಗೆದೆವು. ಹೋಸ್ ಹೊರಗಿನಿಂದ ಕಪ್ಪಗೆ, ನಯವಾಗಿ, ಹೊಸದರ ಹಾಗೇ ಇತ್ತು. ಕ್ಲಾಂಪ್ ಪಕ್ಕದಲ್ಲಿ ಮೆಲ್ಲಗೆ ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕುಗಳು ಬಾಯಿ ಬಿಟ್ಟವು. ಕ್ಲಾಂಪ್‌ನ ಅಂಚು ರಬ್ಬರ್‌ನ ಮೇಲ್ಪದರವನ್ನು ಸುತ್ತಲೂ ಕೊಯ್ದಿತ್ತು. ಕನ್ನಡಿಯಲ್ಲಿ ಇದು ಯಾವ ಕಾಲಕ್ಕೂ ಕಾಣುತ್ತಿರಲಿಲ್ಲ, ಯಾಕೆಂದರೆ ಆ ಬಿರುಕು ಕಾಣಬೇಕಾದರೆ ಹೋಸನ್ನು ಕೈಯಲ್ಲಿ ಹಿಡಿದು ಬಗ್ಗಿಸಲೇಬೇಕು.

ಆ ತಗಡನ್ನು ಮತ್ತೆ ರಿವೆಟ್ ಮಾಡಲಿಲ್ಲ. ಚೌಕಟ್ಟಿಗೆ ನಟ್‌ಪ್ಲೇಟ್ (ಒಂದೇ ಕಡೆ ಕೂತಿರುವ ನಟ್) ಕೂರಿಸಿ ಸ್ಕ್ರೂ ಹಾಕಿದೆವು. ಮೊದಲೇ ಹೀಗೆ ಮಾಡಿದ್ದರೆ ಒಂದು ಸಂಜೆಯ ಕೆಲಸ ಜಾಸ್ತಿಯಾಗುತ್ತಿತ್ತು, ತೂಕ ಒಂದಿಷ್ಟು ಗ್ರಾಂ ಹೆಚ್ಚುತ್ತಿತ್ತು, ಅಷ್ಟೇ. ಹಾಗಂತ ಎಲ್ಲಿ ಬೇಕೆಂದರಲ್ಲಿ ಹೀಗೆ ಮಾಡುವಂತಿಲ್ಲ. ಕೆಲವು ತಗಡುಗಳು ಬರೀ ಮುಚ್ಚಳ, ಕೆಲವು ಭಾರ ಹೊರುವಂಥವು. ಯಾವುದು ಯಾವುದು ಅಂತ ವಿನ್ಯಾಸ ಮಾಡಿದವರನ್ನು ಕೇಳದೆ ಹೊಸ ತೂತು ಕತ್ತರಿಸಬೇಡಿ, ರಿವೆಟ್ ಜಾಗಕ್ಕೆ ಸ್ಕ್ರೂ ಹಾಕಬೇಡಿ. ಕೇಳಿದರೆ ಹೇಳುತ್ತಾರೆ. ಕಿಟ್ ಕೊಡುವವರಿಗೆ ಇಂಥ ಪ್ರಶ್ನೆ ಹೊಸದೇನಲ್ಲ.

ಹಾಗಾಗಿ ಯಾವುದೇ ಜಾಗ ಮುಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ತಗಡನ್ನು ಅದರ ಜಾಗದಲ್ಲಿ ತಾತ್ಕಾಲಿಕವಾಗಿ ಕ್ಲೆಕೋ (ರಿವೆಟ್ ತೂತಿಗೆ ಹಾಕಿ ತೆಗೆಯಬಹುದಾದ ಸ್ಪ್ರಿಂಗ್ ಪಿನ್) ಹಾಕಿ ನಿಲ್ಲಿಸಿ. ಈಗ ಒಳಗಿರುವ ಒಂದೊಂದು ನಟ್, ಕ್ಲಾಂಪ್, ವೈರ್ ಕನೆಕ್ಟರ್‌ಗೂ ಕೈ ಹಾಕಿ ನೋಡಿ. ಪಾನಾ ಕೂರುತ್ತದಾ? ಕೂತ ಮೇಲೆ ತಿರುಗುತ್ತದಾ? ಟಾರ್ಕ್ ರೆಂಚ್‌ನ (ಬಿಗಿ ಅಳೆಯುವ ಪಾನಾ) ತಲೆ ಹಿಡಿಸುತ್ತದಾ? ಬಿಚ್ಚಿದ ಹೋಸ್ ಹೊರಗೆ ಎಳೆಯೋಕೆ ಜಾಗ ಇದೆಯಾ? ಗ್ಯಾರೇಜಿನಲ್ಲಿ ಬರೀ ಚೌಕಟ್ಟು ಎದುರಿಗಿದ್ದಾಗ ಎಲ್ಲ ಕೈಗೆಟಕುತ್ತದೆ. ಎಂಜಿನ್ ಕೂತು, ಪ್ಯಾನೆಲ್ ಬಂದು, ಸೀಟು ಹಾಕಿದ ಮೇಲೆ ಅದೇ ಜಾಗಕ್ಕೆ ತಲೆಕೆಳಗಾಗಿ ಮಲಗಿ ಕೈ ಚಾಚಬೇಕು.

ಟಾರ್ಕ್ ರೆಂಚ್ ಅಂದೆ. ಸಣ್ಣ ಬೋಲ್ಟ್‌ಗಳಲ್ಲಿ ಅದು ಬೇಕೇ ಬೇಕು. 3/16 ಇಂಚಿನ ಎಎನ್3 (ವಿಮಾನ ಬೋಲ್ಟ್‌ನ ಒಂದು ಅಳತೆ) ಬೋಲ್ಟ್‌ಗೆ ಸಾಮಾನ್ಯ ಲಾಕ್‌ನಟ್ (ತಾನಾಗಿ ಸಡಿಲವಾಗದ ನಟ್) ಹಾಕಿದಾಗ ಬೇಕಾದ ಬಿಗಿ 20ರಿಂದ 25 ಇಂಚು-ಪೌಂಡ್. ಕೈ ಅಂದಾಜಿನಲ್ಲಿ ಬಿಗಿ ಮಾಡುವವರು ಇದನ್ನು ಸುಲಭವಾಗಿ ಮೀರುತ್ತಾರೆ. ಲಾಕ್‌ನಟ್ ಬೋಲ್ಟ್ ಮೇಲೆ ಸುಮ್ಮನೆ ತಿರುಗುವುದಕ್ಕೇ ಒಂದಿಷ್ಟು ಬಲ ಬೇಕು. ಅದನ್ನು ಮೊದಲು ಅಳೆದು, ಈ ಅಂಕಿಗೆ ಕೂಡಿಸಿಕೊಳ್ಳಬೇಕು. ಬಿಗಿ ಮಾಡಿದ ತಕ್ಷಣ ನಟ್ ಮತ್ತು ಬೋಲ್ಟ್ ಎರಡರ ಮೇಲೂ ಹಾದುಹೋಗುವ ಹಾಗೆ ಟಾರ್ಕ್ ಸೀಲ್ ಅನ್ನುವ ಬಣ್ಣದ ಪೇಸ್ಟ್‌ನ ಒಂದು ಗೆರೆ ಎಳೆಯಿರಿ. ಆ ಬಣ್ಣದ ಗೆರೆ ನನ್ನಂಥವನಿಗೆ ಎರಡು ಮಾತು ಹೇಳುತ್ತದೆ: ಯಾರೋ ಇದನ್ನು ಅಳೆದು ಬಿಗಿ ಮಾಡಿದ್ದಾರೆ, ಆಮೇಲೆ ಇದು ಅಲುಗಾಡಿಲ್ಲ. ಗೆರೆ ಕಣ್ಣಿಗೆ ಬೀಳುವ ಕಡೆಗೆ ಎಳೆಯಬೇಕು. ನಟ್‌ನ ಹಿಂಭಾಗದಲ್ಲಿ ಎಳೆದ ಗೆರೆಗಳನ್ನು ನೋಡಿದ್ದೇನೆ, ಅವು ಯಾರಿಗೂ ಉಪಯೋಗವಿಲ್ಲ. ಬೋಲ್ಟ್ ಮೇಲೆ ಭಾಗ ತಿರುಗಾಡುವ ಕಡೆ, ಉದಾಹರಣೆಗೆ ಕಂಟ್ರೋಲ್ ಕೀಲುಗಳಲ್ಲಿ, ಬರೀ ನೈಲಾನ್ ಲಾಕ್‌ನಟ್ ನೆಚ್ಚಿಕೊಳ್ಳಬಾರದು. ಅಲ್ಲಿ ಕ್ಯಾಸಲ್ ನಟ್ (ಮೇಲಂಚಿನಲ್ಲಿ ಕಚ್ಚುಗಳಿರುವ ನಟ್), ಆ ಕಚ್ಚಿನ ಮೂಲಕ ತೂರಿಸಿ ಬಗ್ಗಿಸುವ ಕಾಟರ್ ಪಿನ್ ಬೇಕು.

ಕೈಗೆಟಕುವುದು ರಿಪೇರಿ ಮಾಡುವವರಿಗೆ ಮಾತ್ರ ಬೇಕಾದದ್ದಲ್ಲ, ಪೈಲಟ್‌ಗೂ ಬೇಕು. ಗಾಯಕ ಜಾನ್ ಡೆನ್ವರ್ ಸತ್ತದ್ದು 1997ರ ಅಕ್ಟೋಬರ್ 12ರಂದು, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಬಿದ್ದು. ಅದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಇಝೀ. ಬೇರೆಯವರು ಕಟ್ಟಿದ್ದನ್ನು ಡೆನ್ವರ್ ಆಗಷ್ಟೇ ಕೊಂಡಿದ್ದರು. ಯಾವ ಟ್ಯಾಂಕಿನಿಂದ ಪೆಟ್ರೋಲ್ ಬರಬೇಕು ಅಂತ ಬದಲಾಯಿಸುವ ಹಿಡಿ ಮೂಲ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಬೇಕಾದರೆ ಮೈಯೆಲ್ಲ ಹೊರಳಿಸಬೇಕು. ಹೊರಳಿದಾಗ ಬಲಗಾಲು ತಾನಾಗಿ ರಡ್ಡರ್ ಪೆಡಲ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು) ಒತ್ತುತ್ತಿತ್ತು ಅಂತ ತನಿಖೆ ಮಾಡಿದವರು ಕಂಡುಕೊಂಡರು. ಹಿಡಿಯ ಮೇಲೆ ಗುರುತು ಇರಲಿಲ್ಲ, ಪೆಟ್ರೋಲ್ ಮಟ್ಟ ತೋರಿಸುವ ಗೇಜ್‌ನಲ್ಲೂ ಅಂಕಿ ಇರಲಿಲ್ಲ. ವಿಮಾನಕ್ಕೆ ಹೊಂದಿಕೊಳ್ಳುವಷ್ಟು ತರಬೇತಿಯೂ ಆಗಿರಲಿಲ್ಲ. ಕಟ್ಟಿದವರಿಗೆ ಆ ಬದಲಾವಣೆ ಒಳ್ಳೆಯದೇ ಅನ್ನಿಸಿತ್ತು, ಪೆಟ್ರೋಲ್ ಪೈಪುಗಳು ಕಾಕ್‌ಪಿಟ್‌ ಒಳಗೆ ಬರಬಾರದು ಅನ್ನುವುದು ಅವರ ಯೋಚನೆ. ನಕ್ಷೆ ಬದಲಿಸಬೇಕು ಅನ್ನಿಸಿದಾಗಲೆಲ್ಲ ಈ ಘಟನೆ ನೆನಪು ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತು, ಒಂದು ಕೈ ವಿಮಾನ ನಡೆಸುವ ಸ್ಟಿಕ್ ಮೇಲಿಟ್ಟು, ಎದುರಿನಿಂದ ಕಣ್ಣು ತೆಗೆಯದೆ ಆ ಹಿಡಿ ತಿರುಗಿಸಿ ನೋಡಿ. ಆಗದಿದ್ದರೆ ಅದು ಇರಬೇಕಾದ ಜಾಗ ಅದಲ್ಲ.

ಪೆಟ್ರೋಲ್ ವಿಷಯ ಬಂದಿದ್ದರಿಂದ ಹರಿವಿನ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ, ಇದನ್ನು ಹಾರಿಸಿಬಿಡುವವರು ಬಹಳ. ನೆಲದ ಮೇಲೆ ಸಮವಾಗಿ ನಿಂತ ವಿಮಾನದಲ್ಲಿ ಎಂಜಿನ್ ಚೆನ್ನಾಗಿ ಓಡಿತು ಅಂದರೆ ಸಾಲದು. ಮೇಲೇರುವಾಗ ಮೂತಿ ಎತ್ತಿರುತ್ತದೆ, ಎಂಜಿನ್ ಪೂರ್ತಿ ಬಲದಲ್ಲಿರುತ್ತದೆ. ಅದಕ್ಕೇ ವಿಮಾನವನ್ನು ಏರುವ ಕೋನದಲ್ಲಿ ನಿಲ್ಲಿಸಿ, ಕಾರ್ಬುರೇಟರ್ ಹತ್ತಿರ ಪೈಪ್ ಬಿಚ್ಚಿ, ಎಷ್ಟು ಹರಿಯುತ್ತದೆ ಅಂತ ಅಳೆಯಬೇಕು. ಪಂಪ್ ಇದ್ದರೆ ಟೇಕಾಫ್‌ಗೆ ಬೇಕಾದದ್ದರ 125 ಶೇಕಡಾ ಬರಬೇಕು. ಟ್ಯಾಂಕ್ ಎತ್ತರದಲ್ಲಿದ್ದು ಪೆಟ್ರೋಲ್ ತಾನೇ ಇಳಿಯುವಂತಿದ್ದರೆ 150 ಶೇಕಡಾ. ಟೇಕಾಫ್‌ನಲ್ಲಿ ಗಂಟೆಗೆ 27 ಲೀಟರ್ ಕುಡಿಯುವ ಎಂಜಿನ್‌ಗೆ ಪಂಪ್ ಇದೆ ಅಂದುಕೊಳ್ಳಿ. 10 ನಿಮಿಷದಲ್ಲಿ ಕ್ಯಾನ್‌ಗೆ ಸುಮಾರು 5.6 ಲೀಟರ್ ಬೀಳಬೇಕು. ಪ್ರತಿ ಟ್ಯಾಂಕಿಗೂ ಬೇರೆ ಬೇರೆಯಾಗಿ, ಪೆಟ್ರೋಲ್ ತಳಕ್ಕೆ ಬರುವವರೆಗೂ ನೋಡಿ. ಬಯಲಲ್ಲಿ ಮಾಡಿ, ಕಿಡಿ ಹಾರದ ಹಾಗೆ ವಿಮಾನಕ್ಕೂ ಕ್ಯಾನ್‌ಗೂ ವೈರ್ ಜೋಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಆಮೇಲೆ ಫಿಲ್ಟರ್ ಬಿಚ್ಚಿ. ಹೊಸ ಟ್ಯಾಂಕಿನಿಂದ ಅಲ್ಯೂಮಿನಿಯಂ ಚೂರು, ಸೀಲಂಟ್‌ನ ಸಿಪ್ಪೆ ಬರುವುದು ಮಾಮೂಲು. ಅದು ನೆಲದ ಮೇಲೇ ಬಂದುಬಿಡಲಿ.

ಕಂಟ್ರೋಲ್‌ಗಳಲ್ಲಿ ನೋಡಬೇಕಾದದ್ದು ದಿಕ್ಕು. ಸ್ಟಿಕ್ ಹಿಡಿದು ಹೆಬ್ಬೆರಳು ಮೇಲಕ್ಕೆತ್ತಿ. ಸ್ಟಿಕ್ಕನ್ನು ಪಕ್ಕಕ್ಕೆ ವಾಲಿಸಿದಾಗ ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ ಆ ಕಡೆಯ ಏಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿ) ಮೇಲೆದ್ದಿರಬೇಕು. ಕೇಬಲ್ ಅಥವಾ ರಾಡ್ ಬಿಚ್ಚಿ ಹಾಕಿದ ಪ್ರತಿ ಸಲವೂ ಇದನ್ನು ಮಾಡಿ. "ಸರಾಗವಾಗಿ ಆಡುತ್ತೆ" ಅನ್ನುವುದು ಉತ್ತರ ಅಲ್ಲ, ಉಲ್ಟಾ ಜೋಡಿಸಿದ್ದೂ ಸರಾಗವಾಗೇ ಆಡುತ್ತದೆ.

ಎಂಜಿನ್ ಆಯಿಲ್ ಬದಲಾಯಿಸಿದಾಗ ಹಳೆಯ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಒಳಗಿನ ಕಾಗದ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಲೋಹದ ಚೂರು ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಬೇರೆ ಲೋಹವೂ ಇರಬಹುದು. ಸಿಕ್ಕಿದ್ದನ್ನು ದಿನಾಂಕ ಬರೆದು ಸಣ್ಣ ಪೊಟ್ಟಣದಲ್ಲಿಡಿ. ಮುಂದಿನ ಸಲ ಜಾಸ್ತಿ ಬಂತಾ, ಕಮ್ಮಿ ಬಂತಾ ಅನ್ನುವುದೇ ಮುಖ್ಯ.

ಅಮೆರಿಕದಲ್ಲಿ ತಾವೇ ಕಟ್ಟಿದವರು ಅರ್ಜಿ ಹಾಕಿ, ತಮ್ಮ ವಿಮಾನದ ವಾರ್ಷಿಕ ತಪಾಸಣೆಯನ್ನು ತಾವೇ ಮಾಡುವ ಪರವಾನಗಿ ಪಡೆಯಬಹುದು. ಒಳ್ಳೆಯ ಪದ್ಧತಿ, ಅವರಷ್ಟು ಆ ವಿಮಾನ ಗೊತ್ತಿರುವವರು ಬೇರೆ ಯಾರಿದ್ದಾರೆ? ಆದರೂ ಇನ್ನೊಬ್ಬರ ಕಣ್ಣು ಬೇಕು ಅಂತ ನನ್ನ ಹಟ. ಕಟ್ಟಿದವರು ನೋಡುವಾಗ ತಾವು ಮಾಡಬೇಕು ಅಂದುಕೊಂಡದ್ದು ಅಲ್ಲಿ ಕಾಣುತ್ತದೆ. ಬೇರೆಯವರಿಗೆ ಅಲ್ಲಿರುವುದಷ್ಟೇ ಕಾಣುತ್ತದೆ. 1953ರಲ್ಲಿ ಪಾಲ್ ಪೊಬೆರೆಝ್ನಿ ಶುರು ಮಾಡಿದ ಇಎಎ ಅನ್ನುವ, ಮನೆಯಲ್ಲಿ ವಿಮಾನ ಕಟ್ಟುವವರ ಅಮೆರಿಕದ ಸಂಸ್ಥೆಯಲ್ಲಿ ಟೆಕ್ನಿಕಲ್ ಕೌನ್ಸೆಲರ್‌ಗಳು ಅಂತ ಇದ್ದಾರೆ. ಅನುಭವ ಇರುವ ಸ್ವಯಂಸೇವಕರು, ಕಟ್ಟುತ್ತಿರುವಾಗಲೇ ಬಂದು ನೋಡಿ ಸಲಹೆ ಕೊಡುತ್ತಾರೆ. ತಗಡು ಮುಚ್ಚುವ ಮೊದಲು ಅವರನ್ನು ಕರೆಯುವವರು ಜಾಣರು. ನಿಮ್ಮ ಕಡೆ ಅಂಥವರು ಇಲ್ಲದಿದ್ದರೆ ಇನ್ನೊಂದು ವಿಮಾನ ಕಟ್ಟಿದ ಗೆಳೆಯರನ್ನಾದರೂ ಕರೆಯಿರಿ.

ಈಗಾಗಲೇ ಕಟ್ಟಿ ಮುಗಿಸಿದ್ದರೆ? ಮುಂದಿನ ವಾರ್ಷಿಕ ತಪಾಸಣೆಗೆ ಮೊದಲು ಕೂತು ಒಂದು ಪಟ್ಟಿ ಬರೆಯಿರಿ: ಎಲ್ಲೆಲ್ಲಿ ಕೈ ಹೋಗುವುದಿಲ್ಲ, ಅಲ್ಲಿ ಏನೇನಿದೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಕಂಟ್ರೋಲ್ ಕೀಲು ಇದ್ದರೆ ಅವು ಪಟ್ಟಿಯ ಮೇಲ್ಭಾಗಕ್ಕೆ ಬರಲಿ. ವರ್ಷಕ್ಕೆ ಒಂದೆರಡು ಜಾಗದಂತೆ ವಿನ್ಯಾಸಕಾರರನ್ನು ಕೇಳಿ ಸರಿ ಮಾಡುತ್ತಾ ಬನ್ನಿ. ಬಿಚ್ಚಿದಾಗಲೆಲ್ಲ ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ವೈರ್‌ಗಳ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ, ಹೋಸ್‌ನ ಮೇಲೆ ಹಾಕಿದ ತಿಂಗಳು, ವರ್ಷ ಬರೆಯಿರಿ. ವಿಮಾನ ಮಾರುವ ದಿನ ಬಂದರೆ ಈ ಫೋಟೋ, ಪಟ್ಟಿ ಎಲ್ಲವನ್ನೂ ಲಾಗ್‌ಬುಕ್ ಜೊತೆಗೇ ಕೊಡಿ. ಕೊಳ್ಳುವವರೂ ಇವನ್ನು ಕೇಳಿ ಪಡೆಯಬೇಕು. ಇಲ್ಲ ಅಂದರೆ, ಮೊದಲ ಹಾರಾಟಕ್ಕೆ ಮುಂಚೆ ಸೀಟು, ಕೌಲಿಂಗ್ (ಎಂಜಿನ್ ಮೇಲಿನ ಹೊದಿಕೆ), ಮುಚ್ಚಳ ಎಲ್ಲ ತೆಗೆಸಿ ಪೂರ್ತಿ ತಪಾಸಣೆ ಮಾಡಿಸಿ, ಆಮೇಲೆ ಹಾರಿ.