ಲಿಯಾನಿನ ಕಿಟಕಿ ದೀಪಗಳು

ಫ್ರಾನ್ಸಿನ ಲಿಯಾನ್ ನಗರದಲ್ಲಿ ಡಿಸೆಂಬರ್ 8ರ ಆಸುಪಾಸಿನಲ್ಲಿ ನಾಲ್ಕು ರಾತ್ರಿ ಬೆಳಕಿನ ಹಬ್ಬ ನಡೆಯುತ್ತದೆ. ಅಲ್ಲಿಯವರು ಅದನ್ನು ಫೆತ್ ದೆ ಲುಮಿಯೆರ್ ಅನ್ನುತ್ತಾರೆ. ದೊಡ್ಡ ಕಟ್ಟಡಗಳ ಮೇಲೆ ಬೆಳಕಿನ ಚಿತ್ರಗಳು, ಚೌಕಗಳಲ್ಲಿ, ಪಾರ್ಕುಗಳಲ್ಲಿ ಕಲಾಕೃತಿಗಳು. ನಾನು ಹೋಗಿದ್ದು ಅವನ್ನು ನೋಡೋಕೆ. ಈಗ ಯಾರಾದರೂ ಕೇಳಿದರೆ ಮಾತ್ರ ಕಿಟಕಿಗಳ ಬಗ್ಗೆಯೇ ಹೇಳುತ್ತೇನೆ.

ಅದಕ್ಕೂ ಮೊದಲು ರೂಮಿನ ವಿಷಯ. ಸುಮಾರು 5 ಲಕ್ಷ ಜನರಿರುವ ಊರಿಗೆ ಹಬ್ಬದಲ್ಲಿ 20 ಲಕ್ಷದಷ್ಟು ಜನ ಬರುತ್ತಾರೆ. ಟಿಕೆಟ್ ಇಲ್ಲ, ಎಲ್ಲಾ ಉಚಿತ. ನಾನು ತಿಂಗಳುಗಳ ಮೊದಲೇ ಕಾಯ್ದಿರಿಸಿದ್ದ ರೂಮನ್ನು ಮಾಲೀಕರು ಕೊನೇ ವಾರದಲ್ಲಿ ರದ್ದು ಮಾಡಿದರು. ಮಾರನೇ ದಿನ ಅದೇ ರೂಮು ಜಾಸ್ತಿ ಬೆಲೆಗೆ ಕಾಣಿಸಿತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ಖಾಸಗಿ ಮನೆಗಳನ್ನು ನಂಬಿ ಕೂರಬೇಡಿ, ಸರಿಯಾದ ಹೋಟೆಲನ್ನೇ ಹಿಡಿಯಿರಿ.

ಕೊನೆಗೆ ಸಿಕ್ಕಿದ್ದು ಕ್ರ್ವಾ-ರೂಸ್ ಗುಡ್ಡದ ಮೇಲೆ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ಕೋಣೆ. ಇದು ಹಿಂದೆ ರೇಷ್ಮೆ ನೇಕಾರರ ಕೇರಿ. ಎತ್ತರದ ಜಕಾರ್ಡ್ ಮಗ್ಗಗಳು ಹಿಡಿಸಲಿ ಅಂತ ಸೂರನ್ನು ಸುಮಾರು 4 ಮೀಟರ್ ಎತ್ತರಕ್ಕೆ ಕಟ್ಟಿದ್ದಾರೆ. ನೇಯುವವರಿಗೆ ಬೆಳಕು ಬೇಕಲ್ವಾ, ಅದಕ್ಕೆ ಕಿಟಕಿಗಳೂ ಅಷ್ಟೇ ಉದ್ದ.

ಎಂಟನೇ ತಾರೀಖು ಸಂಜೆ ಅಜ್ಜಿ ಗೀರುಗೀರಾದ ಚಿಕ್ಕ ಗಾಜಿನ ಲೋಟಗಳನ್ನು ಕಿಟಕಿಯ ಹೊರಗೆ ಸಾಲಾಗಿ ಇಡುತ್ತಿದ್ದರು. ಒಳಗೆ ಗಿಡ್ಡ ಮೇಣದ ಬತ್ತಿ. ಕಾರ್ತಿಕದಲ್ಲಿ ಹೊಸ್ತಿಲಿಗೆ ಹಣತೆ ಇಟ್ಟ ಹಾಗೇ ಕಂಡಿತು. ನಾನೂ ಹಚ್ಚಲಾ ಅಂತ ಸನ್ನೆಯಲ್ಲೇ ಕೇಳಿದೆ. ಬೆಂಕಿಪೊಟ್ಟಣ ನನ್ನ ಕೈಗಿಟ್ಟು ಅವರು ಮಾತಿಗೆ ನಿಂತರು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

1852ರಲ್ಲಿ ಎದುರಿನ ಫೂರ್ವಿಯೆರ್ ಗುಡ್ಡದ ಮೇಲೆ ಮೇರಿ ಮಾತೆಯ ಬಂಗಾರ ಬಣ್ಣದ ಪ್ರತಿಮೆ ನಿಲ್ಲಿಸಬೇಕಿತ್ತಂತೆ. ಸೆಪ್ಟೆಂಬರಿನಲ್ಲೇ ಆಗಬೇಕಿದ್ದ ಕಾರ್ಯಕ್ರಮ ಸೋನ್ ನದಿಗೆ ನೆರೆ ಬಂದು ಡಿಸೆಂಬರ್ 8ಕ್ಕೆ ಹೋಯಿತು. ಆ ದಿನವೂ ಬಿರುಗಾಳಿ, ಮಳೆ. ದೀಪದ ಏರ್ಪಾಡನ್ನೆಲ್ಲ ನಿಲ್ಲಿಸುವ ಹೊತ್ತಿಗೆ ಸಂಜೆ ಆಕಾಶ ತಿಳಿಯಾಯಿತು. ಯಾರೂ ಹೇಳದೆ ಜನ ತಮ್ಮ ತಮ್ಮ ಕಿಟಕಿಗಳಲ್ಲಿ ಬತ್ತಿ ಹಚ್ಚಿಟ್ಟು ಬೀದಿಗಿಳಿದರು. ಅಂದಿನಿಂದ ಪ್ರತಿ ವರ್ಷ ಇದೇ ಪದ್ಧತಿ.

'ಕೆಳಗಿನ ದೊಡ್ಡ ಶೋ ನೋಡೋಕೆ ಹೋಗ್ತೀರಾ?' ಅಂದೆ. ಅಜ್ಜಿ ತಲೆಯಾಡಿಸಿದರು. 'ಅದು ನಿಮಗೆ. ಇದು ನಮ್ಮದು.' ಆಮೇಲೆ 2015ರ ಮಾತು ತೆಗೆದರು. ನವೆಂಬರಿನಲ್ಲಿ ಪ್ಯಾರಿಸ್ಸಿನ ದಾಳಿಯಲ್ಲಿ 130 ಜನ ಸತ್ತಿದ್ದರು. ಲಿಯಾನ್ ಹಬ್ಬ ರದ್ದಾಯಿತು. ದೀಪ ಮಾತ್ರ ನಿಲ್ಲಲಿಲ್ಲ. ಸತ್ತವರ ನೆನಪಿಗೆ ಜನ ಕಿಟಕಿಗಳಲ್ಲಿ ಬತ್ತಿ ಹಚ್ಚಿದರು. 'ಆ ವರ್ಷ ನನ್ನ ಬಳಿ ಇದ್ದ ಲೋಟಗಳನ್ನೆಲ್ಲ ಇಟ್ಟೆ' ಅಂದರು. ಮೊಮ್ಮಗಳು ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ನನಗೂ ಏನು ಹೇಳಬೇಕೋ ತೋಚಲಿಲ್ಲ. ಉಳಿದ ಬತ್ತಿಗಳನ್ನು ಹಚ್ಚಿದೆ.

ಆಮೇಲೆ ಗುಡ್ಡ ಇಳಿದು ಹೋದೆ. ಕೆಲವು ಕಿಟಕಿಗಳಲ್ಲಿ ಹತ್ತಾರು ದೀಪ, ಕೆಲವು ಕಡೆ ಒಂದೇ ಒಂದು. ಬೀದಿಯವರೆಲ್ಲ ಕತ್ತೆತ್ತಿ ನೋಡುತ್ತಾ ನಿಧಾನಕ್ಕೆ ನಡೆಯುತ್ತಿದ್ದರು. ತೆರೋ ಚೌಕಕ್ಕೆ ಬಂದರೆ ಕಾಲಿಡಲು ಜಾಗವಿಲ್ಲ. ಅಲ್ಲಿ ನಗರಸಭೆ ಮತ್ತು ಕಲಾ ಮ್ಯೂಸಿಯಂ, ಎರಡೂ ಕಟ್ಟಡಗಳ ಮೇಲೆ ಚಿತ್ರಗಳು ಓಡುತ್ತವೆ. ಮೊದಲು ಗೋಡೆಯ ಅಳತೆ ತೆಗೆದು ಕಂಪ್ಯೂಟರಿನಲ್ಲಿ ಅದರ ಮಾದರಿ ಮಾಡುತ್ತಾರೆ. ಆಮೇಲೆ ಹಲವು ಪ್ರೊಜೆಕ್ಟರುಗಳ ಬೆಳಕನ್ನು ಕಂಬ, ಕಿಟಕಿಗಳಿಗೆ ಸರಿಯಾಗಿ ಕೂರಿಸುತ್ತಾರೆ. ಅದಕ್ಕೇ ಗೋಡೆ ಕರಗಿದಂತೆ, ಕಂಬ ಬಾಗಿದಂತೆ ಕಾಣುವುದು. ಕೆಲಸ ದೊಡ್ಡದೇ. ಆದರೆ ಡ್ರಮ್ಮಿನ ಅಬ್ಬರ ನನಗೆ ಹಿಡಿಸಲಿಲ್ಲ. ಆ ಚಿತ್ರಗಳನ್ನು ಯಾವ ಗೋಡೆಯ ಮೇಲೆ ಬಿಟ್ಟರೂ ನಡೆಯುತ್ತಿತ್ತು ಅನಿಸಿತು. ಹಳೇ ಪೇಟೆಯ ಸೆಂ ಝಾಂ ಕೆಥೆಡ್ರಲ್ ಮಾತ್ರ ಬೇರೆ. ಅಲ್ಲಿ ಬೆಳಕು ನಿಧಾನಕ್ಕೆ ಒಂದೊಂದೇ ಕೆತ್ತನೆಯನ್ನು ತೋರಿಸುತ್ತಾ ಮೇಲೇರಿತು. ಆ ಕಲ್ಲಿಗೆ ಅಂತಲೇ ಮಾಡಿದ ಕೆಲಸ. ಎರಡು ಸಲ ನಿಂತು ನೋಡಿದೆ.

ಉಳಿದ ರಾತ್ರಿಗಳಲ್ಲೂ ಸುತ್ತಿದೆ, ಹೆಚ್ಚು ಬರೆಯುವಂಥದ್ದೇನಿಲ್ಲ. ಹೋಗುವುದಾದರೆ ಎಂಟನೇ ತಾರೀಖು ಅಲ್ಲೇ ಇರುವಂತೆ ನೋಡಿಕೊಳ್ಳಿ. ಕಿಟಕಿ ದೀಪದ ದಿನ ಅದೇ. ಕತ್ತಲಾದ ಕೂಡಲೇ ಚೌಕಗಳಿಗೆ ಓಡಬೇಡಿ, ಮೊದಲು ಮನೆಗಳಿರುವ ಬೀದಿಗಳಲ್ಲಿ ಒಂದು ಸುತ್ತು ಹಾಕಿ. ನಡುಪೇಟೆಯಲ್ಲಿ ಕಾಲುದಾರಿಗಳೂ ಒಮ್ಮುಖ ಆಗಿರುತ್ತವೆ, ಹಿಂದೆ ತಿರುಗಲು ಬಿಡುವುದಿಲ್ಲ. ಗೆಳೆಯರ ಜೊತೆ ಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಚಳಿ ಜೋರು, ಕೈಗವಸು ಬೇಕೇ ಬೇಕು.