ಘಾಟು ಎಲೆಗೆ ಸಿಹಿ ವೈನ್

‘ಇಷ್ಟು ಘಾಟಿನ ಎಲೆಗೆ ಸಿಹಿ ಬೇಕಪ್ಪ. ಇಲ್ಲಾಂದ್ರೆ ತಲೆ ತಿರುಗುತ್ತೆ.’

ಶನಿವಾರ ಕೇಳಿದ ಮಾತು, ಇನ್ನೂ ತಲೆಯಿಂದ ಹೋಗಿಲ್ಲ. ಹೇಳಿದವರು ನನ್ನ ಸಹೋದ್ಯೋಗಿಯ ಮಾವ. ಪೋರ್ಚುಗಲ್‌ನ ಪೋರ್ಟೋ ಊರಿನ ಎದುರಿನ ವಿಲಾ ನೋವಾ ದೆ ಗಾಯಾದಲ್ಲಿ ಅವರ ಮನೆ. ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತಿದ್ದೆವು.

ಸಿಗಾರ್ ಕ್ಯೂಬಾದ್ದು, ಪಾರ್ತಗಾಸ್ ಸೀರೀ ಡಿ ನಂಬರ್ 4. ಹೆಬ್ಬೆರಳಿನಷ್ಟು ದಪ್ಪ, 12 ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ ಉದ್ದ, ಒಳ್ಳೆ ಘಾಟು. ಅದರ ಜೊತೆಗೆ ಅಳಿಯ, ಅಂದರೆ ನನ್ನ ಸಹೋದ್ಯೋಗಿ, ಅಲ್ಲಿನ ಡೋರೊ ಕಣಿವೆಯದೇ ಒಂದು ಕೆಂಪು ವೈನ್ ತೆರೆದ. ಸಿಹಿ ಇಲ್ಲದ್ದು, ದುಬಾರಿ. ಒಳ್ಳೆಯ ಹುಡುಗ ಅವನು, ಆದರೆ ಬೆಲೆ ಜಾಸ್ತಿ ಇದ್ದರೆ ಎಲ್ಲದಕ್ಕೂ ಹೊಂದುತ್ತದೆ ಅಂತ ನಂಬಿದ್ದಾನೆ. ಎರಡು ದಮ್ಮು ಎಳೆದು ಒಂದು ಗುಟುಕು ಕುಡಿದೆ. ಊಟದ ಹೊತ್ತಿಗೆ ಅಷ್ಟು ಚೆನ್ನಾಗಿದ್ದ ಹಣ್ಣಿನ ರುಚಿ ಮಾಯ. ಎಳೆ ಅಡಿಕೆ ಜಗಿದ ಹಾಗೆ ಬಾಯೆಲ್ಲ ಒಗರು, ಹಿಂದೆಯೇ ಕಹಿ. ವೈನಿನಲ್ಲಿರುವ ಟ್ಯಾನಿನ್ ಅನ್ನೋ ಒಗರು ಅಂಶ ಬಾಯಿ ಒಣಗಿಸುತ್ತದೆ, ಹೊಗೆಯೂ ಒಣಗಿಸುತ್ತದೆ. ಎರಡೂ ಸೇರಿದರೆ ನಾಲಿಗೆಗೆ ಏನು ಉಳಿಯುತ್ತದೆ?

ಮಾವ ಒಳಗೆ ಹೋಗಿ ಪೋರ್ಟ್ ಅನ್ನೋ ಸಿಹಿ ವೈನ್ ತಂದರು. ಆ ಮಾತು ಬಂದಿದ್ದು ಆಗಲೇ. ದ್ರಾಕ್ಷಿ ರಸ ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸಾರಾಯಿ ಸುರಿದು ಹುಳಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಹಣ್ಣಿನ ಸಕ್ಕರೆ ಲೀಟರಿಗೆ ಸುಮಾರು 100 ಗ್ರಾಂ ಹಾಗೇ ಉಳಿಯುತ್ತದೆ. ಆಲ್ಕೋಹಾಲ್ ಶೇ. 20ರ ಆಸುಪಾಸು, ಹಾಗಾಗಿ ಸಿಗಾರಿನ ಮುಂದೆ ಮಂಕಾಗುವುದಿಲ್ಲ. ಈಗ ಅದೇ ಹೊಗೆಯಲ್ಲಿ ಹುರಿದ ಕಾಫಿ, ಕಾಳುಮೆಣಸು ಕಾಣಿಸಿದವು. ವೈನಿನಲ್ಲಿ ಒಣದ್ರಾಕ್ಷಿ.

ಆದರೆ ನನ್ನನ್ನು ಕಲಕಿದ್ದು ರುಚಿಯಲ್ಲ, ಆ ಮಾತು.

ನಾನು ಪಿರಿಯಾಪಟ್ಟಣದ ಕಡೆಯವನು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮಳೆ ಬಿದ್ದ ಬೆಳಿಗ್ಗೆ ಒದ್ದೆ ಸೊಪ್ಪು ಮುರಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಅಂಗಿ ನೆನೆದು ಮೈಗೆ ಅಂಟಿರುತ್ತಿತ್ತು, ಅಂಗೈ ತುಂಬಾ ಕಪ್ಪು ಅಂಟು. ಅಪ್ಪ ಬದುವಿನ ಮೇಲೆ ಕೂತು ವಾಂತಿ ಮಾಡುತ್ತಿದ್ದರು. ಅಮ್ಮ ಬೆಲ್ಲದ ನೀರು ಹಿಡಿದು ಓಡಿ ಬರುತ್ತಿದ್ದರು. ‘ಸಿಹಿ ಕುಡೀರಿ, ತಲೆ ನಿಲ್ಲುತ್ತೆ.’

ಇದನ್ನು ಹೇಳಿದಾಗ ಮುದುಕರು ಸಿಗಾರನ್ನು ಕೆಳಗಿಟ್ಟರು. ‘ಬುಡದ ಎಲೆ ಮೊದಲು ಮುರೀತೀರಾ?’ ಹೌದು ಅಂದೆ. ಕ್ಯೂಬಾದಲ್ಲೂ ಹಾಗೇ ಅಂತೆ. ಬುಡದ್ದು ವೊಲಾಡೊ, ಚೆನ್ನಾಗಿ ಉರಿಯಲಿಕ್ಕೆ. ನಡುವಿನದು ಸೆಕೊ, ಪರಿಮಳಕ್ಕೆ. ಬಿಸಿಲು ಜಾಸ್ತಿ ಉಂಡ ತುದಿಯ ಎಲೆ ಲಿಹೇರೊ, ಘಾಟೆಲ್ಲ ಅದರದ್ದು. ನಮ್ಮಲ್ಲಿ ಸೊಪ್ಪನ್ನು ಬ್ಯಾರನ್‌ಗೆ, ಅಂದರೆ ಸೊಪ್ಪು ಒಣಗಿಸುವ ಮನೆಗೆ ತುಂಬಿ, ಸೌದೆ ಉರಿಸಿ ಒಂದು ವಾರದೊಳಗೆ ಬೇಯಿಸಿಬಿಡುತ್ತಾರೆ. ಸಿಗಾರಿನ ಎಲೆಯನ್ನು ನೆರಳಲ್ಲಿ ವಾರಗಟ್ಟಲೆ ತೂಗುಹಾಕಿ, ಆಮೇಲೆ ರಾಶಿ ಹಾಕಿ ಕಾವು ಬರಿಸುತ್ತಾರೆ.

‘ನಿಮ್ಮ ಸೊಪ್ಪು ಯಾರ ಹೆಸರಲ್ಲಿ ಮಾರಾಟ ಆಗುತ್ತೆ?’ ಅಂತ ಕೇಳಿದರು. ಅವರ ಬಾಟಲಿಯ ಮೇಲೆ ತೋಟದ ಹೆಸರಿತ್ತು. ಪೋರ್ಟಿನ ದ್ರಾಕ್ಷಿ ಬೆಳೆಯುವ ಡೋರೊ ಸೀಮೆಗೆ 1756ರಲ್ಲೇ ಗಡಿ ಹಾಕಿದ್ದಾರೆ, ಅದಕ್ಕೆ ಕಲ್ಲು ನೆಟ್ಟಿದ್ದಾರೆ. ನಮ್ಮ ಸೊಪ್ಪು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಗ್ರೇಡಿನ ಲೆಕ್ಕದಲ್ಲಿ ಹೋಗಿ, ಯಾವುದೋ ಸಿಗರೇಟಿನಲ್ಲಿ ಬೆರೆತು ಹೋಗುತ್ತದೆ. ಅಪ್ಪನ ಹೆಸರು ಹೊಗೆಸೊಪ್ಪಿನಿಂದ ಮೆರೆಯಬೇಕು ಅಂತ ನನಗೇನೂ ಆಸೆಯಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. ಸೇದುವವರಿಗೆ ಎಚ್ಚರಿಕೆಯನ್ನು ಪ್ಯಾಕಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಹಾಕಬೇಕಾದ್ದೇ. ಮುರಿಯುವವರ ಕೈಗೆ ಏನಾಗುತ್ತದೆ ಅನ್ನೋದು ಆ ಪ್ಯಾಕಿನ ಮೇಲೆ ಎಲ್ಲಿದೆ?

ಈಗ ಊರಲ್ಲಿ ಸೊಪ್ಪು ಮುರಿಯುವ ಕಾಲ. ಭಾನುವಾರ ತಮ್ಮನಿಗೆ ಫೋನ್ ಮಾಡಿದೆ. ಗ್ಲೌಸ್ ಹಾಕ್ಕೋ, ಇಬ್ಬನಿ ಆರಿದ ಮೇಲೆ ಹೊಲಕ್ಕಿಳಿ ಅಂದೆ. ‘ಅಷ್ಟೊತ್ತಿಗೆ ಬಿಸಿಲೇರುತ್ತಣ್ಣ, ಆಳು ಕಾಯ್ತಾರಾ?’ ಅಂದ. ಗ್ಲೌಸಿಗೆ ಒಪ್ಪಿದ್ದಾನೆ. ಆಳುಗಳಿಗೂ ಸೇರಿಸಿ ತಗೋ ಅಂತ ದುಡ್ಡು ಕಳಿಸಿದ್ದೇನೆ.